ಉಸ್ತಾದರ ಪಾಠ, ಮಠದ ಪ್ರಸಾದ: ಧಾರವಾಡ ಸೀಮೆಯ ಸಂಗೀತ ಶಿಕ್ಷಣ

ಧಾರವಾಡ, ಹುಬ್ಬಳ್ಳಿ, ಗದಗ, ಕುಂದಗೋಳದ ಸೀಮೆಯಲ್ಲಿ ಹಿಂದುಸ್ತಾನಿ ಸಂಗೀತ ಬೇರೂರಿದ್ದರಲ್ಲಿ ಮುಸ್ಲಿಂ ಉಸ್ತಾದರ ಪಾತ್ರ ದೊಡ್ಡದು. ಅವರಿಂದ ಕಲಿತವರಲ್ಲಿ ಬ್ರಾಹ್ಮಣರು, ಲಿಂಗಾಯತರು, ಹಾಡುವುದನ್ನೇ ಕುಲವೃತ್ತಿ ಮಾಡಿಕೊಂಡ ಮನೆತನಗಳ ಹೆಣ್ಣುಮಕ್ಕಳು ಎಲ್ಲರೂ ಇದ್ದರು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಭಾಗದ ಬಹುಪಾಲು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮರಾಠಿ ರಂಗಭೂಮಿಯ ಹಾಡುಗಳ ಮೂಲಕ ರಾಗಸಂಗೀತ ಇಲ್ಲಿನ ಜನರ ಕಿವಿಗೆ ಮೊದಲೇ ಬಿದ್ದಿತ್ತು. ಬಡೋದೆ, ಕೊಲ್ಹಾಪುರ, ಮಿರಜದ ಕಡೆಯಿಂದ ಮೈಸೂರು ಅರಮನೆಗೆ ಹೊರಟ ಕಲಾವಿದರು ನಡುವೆ ಇಲ್ಲಿ ಇಳಿದು ಹಾಡುತ್ತಿದ್ದರು, ಕೆಲವರು ವಾರಗಟ್ಟಲೆ ನಿಂತು ಕಲಿಸುತ್ತಿದ್ದರು.

ಅವರಲ್ಲಿ ಮೊದಲು ಹೇಳಬೇಕಾದ ಹೆಸರು ಕಿರಾನಾ ಘರಾಣೆಯ, ಅಂದರೆ ಆ ಹೆಸರಿನ ಗಾಯನ ಪರಂಪರೆಯ, ಅಬ್ದುಲ್ ಕರೀಂ ಖಾನ್ (1872–1937). ಉತ್ತರ ಪ್ರದೇಶದ ಕೈರಾನಾದಲ್ಲಿ ಹುಟ್ಟಿದ ಅವರು ಬಡೋದೆಯ ದರ್ಬಾರು ಬಿಟ್ಟ ಮೇಲೆ ಮಿರಜದಲ್ಲಿ ನೆಲೆ ನಿಂತರು. ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು. ಒಬ್ಬ ಮುಸ್ಲಿಂ ಉಸ್ತಾದ ತನ್ನ ಶಾಲೆಗೆ ‘ಆರ್ಯ’ ಎಂದು ಹೆಸರಿಟ್ಟದ್ದು ಆ ಕಾಲದ ಗಾಳಿಯನ್ನು ತಿಳಿಸುತ್ತದೆ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಸ್ಥಾಪಿಸಿದ ಗಾಂಧರ್ವ ಮಹಾವಿದ್ಯಾಲಯ ಸಂಗೀತವನ್ನು ಮನೆತನಗಳ ಹಿಡಿತದಿಂದ ಬಿಡಿಸಿ ಸಾರ್ವಜನಿಕರ ಮುಂದಿಟ್ಟಿತು ನಿಜ. ಆದರೆ ಅಲ್ಲಿ ಬೀಸಿದ್ದು ಹಿಂದೂ ಭಕ್ತಿಯ ಗಾಳಿ. ಕರೀಂ ಖಾನರು ಹೊಸ ಮಾದರಿಯ ಶಾಲೆ ತೆರೆದರೂ ಘರಾಣೆಯ ತಾಲೀಮನ್ನು ಬಿಡಲಿಲ್ಲ. ಕರ್ನಾಟಕ ಸಂಗೀತದಿಂದ ಸರಗಮ್ ಹಾಡುವ ಬಗೆಯನ್ನೂ ಕಲಿತು ತಮ್ಮ ಗಾಯನಕ್ಕೆ ಹೊಂದಿಸಿಕೊಂಡರು.

ಅವರ ಶಿಷ್ಯ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವ (1886–1952), ಬ್ರಾಹ್ಮಣರು. ಅವರು ಕಲಿಸಿದವರ ಸಾಲು ನೋಡಿದರೆ ವಿದ್ಯೆ ಎಷ್ಟು ಬಾಗಿಲು ದಾಟಿತೆಂಬುದು ತಿಳಿಯುತ್ತದೆ: ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಪಾರ್ಸಿ ಮನೆತನದ ಫಿರೋಜ್ ದಸ್ತೂರ್. ಹಾಡುವ ಚೀಜುಗಳಲ್ಲಿ, ಅಂದರೆ ರಾಗಕ್ಕೆ ಕಟ್ಟಿದ ಪದಗಳಲ್ಲಿ, ಕೃಷ್ಣನ ತುಂಟಾಟವೂ ಇತ್ತು, ಪೀರರ ಸ್ತುತಿಯೂ ಇತ್ತು. ಭಾಷೆ ಬಹುಪಾಲು ಬ್ರಜ, ಕಲಿಯುವವರ ಮನೆಮಾತು ಕನ್ನಡ ಇಲ್ಲವೇ ಮರಾಠಿ. ಪದದ ದೇವರು ಯಾವನೆಂದು ಗುರುವೂ ತಕರಾರು ಮಾಡಲಿಲ್ಲ, ಶಿಷ್ಯನೂ ಮಾಡಲಿಲ್ಲ. ಸ್ವರ ಕೂತಿತೋ ಇಲ್ಲವೋ ಎಂಬುದೊಂದೇ ಪ್ರಶ್ನೆ.

ಹಾಗೆಂದು ಈ ಪಾಠಶಾಲೆಯಲ್ಲಿ ಎಲ್ಲರಿಗೂ ಒಂದೇ ಜಾಗವಿತ್ತೆಂದು ಹೇಳಲಾಗದು. ಗುರುವಿನ ಮನೆಯಲ್ಲೇ ಇದ್ದು, ನೀರು ಹೊತ್ತು, ಹಗಲಿರುಳು ಕೇಳುತ್ತ ಕಲಿಯುವ ಭಾಗ್ಯ ಭೀಮಸೇನರಿಗೆ ಸಿಕ್ಕಿತು. ಹಾಡುವ ಕುಲವೃತ್ತಿಯ ಮನೆತನದ ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬಂದು ಹೋಗಿ ಕಲಿತರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಹಾಡಿದ ಬಾಲಕಿ ಗಂಗೂಬಾಯಿಗೆ ಊಟದ ಹೊತ್ತಿಗೆ ಜಾತಿಯ ಕಾರಣದಿಂದ ಏನಾದೀತೋ ಎಂಬ ಅಳುಕಿತ್ತು. ಅದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಹಾಡಿಗೆ ಇಲ್ಲದ ಮಡಿ ಪಂಕ್ತಿಗೆ ಇತ್ತು. ಮತದ ಗೋಡೆ ದಾಟುವುದಕ್ಕಿಂತ ಜಾತಿಯ ಮತ್ತು ಹೆಣ್ಣುತನದ ಗೋಡೆ ದಾಟುವುದೇ ಈ ಸೀಮೆಯಲ್ಲಿ ಕಷ್ಟವಾಗಿತ್ತು.

ಪಂಕ್ತಿಯ ಪ್ರಶ್ನೆಗೆ ಗಟ್ಟಿ ಉತ್ತರ ಬಂದದ್ದು ಗದುಗಿನಿಂದ. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗಯ್ಯನಿಗೆ ಕಣ್ಣು ಕಾಣುತ್ತಿರಲಿಲ್ಲ. ಹಾನಗಲ್ಲಿನ ವೀರಶೈವ ಮಠದ ಕುಮಾರಸ್ವಾಮಿಗಳು ಆತನನ್ನು ಸಂಗೀತ ಕಲಿಯಲು ಹಚ್ಚಿದರು. ಮೈಸೂರಿನಲ್ಲಿ ಕರ್ನಾಟಕ ಸಂಗೀತ ಕಲಿತು, ಬಳಿಕ ಮಿರಜದ ನೀಲಕಂಠ ಬುವಾ ಹಾಗೂ ಕಿರಾನಾದ ಅಬ್ದುಲ್ ವಹೀದ್ ಖಾನರಿಂದ ಹಿಂದುಸ್ತಾನಿ ಸಂಗೀತ ಕಲಿತ ಅವರೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಅವರು ಕಟ್ಟಿದ ವೀರೇಶ್ವರ ಪುಣ್ಯಾಶ್ರಮ ಮೊದಲು ಊರೂರು ಸುತ್ತುವ ಪಾಠಶಾಲೆ, ಆಮೇಲೆ ಗದುಗಿನಲ್ಲಿ ನೆಲೆಯಾಯಿತು. ಅಂಧರು, ಅನಾಥರು, ಬಡವರ ಮಕ್ಕಳಿಗೆ ಅಲ್ಲಿ ಪಾಠ, ವಸತಿ, ಪ್ರಸಾದ ಎಲ್ಲವೂ ಉಚಿತ. ಜಾತಿ ಮತ ಕೇಳುವ ರೂಢಿಯಿಲ್ಲ. ಖರ್ಚಿಗೆ ನಾಟಕ ಕಂಪನಿ, ಭಕ್ತರ ಕಾಣಿಕೆ. ವೀರಶೈವ ಮಠದ ದಾಸೋಹ ಪದ್ಧತಿ ಇರದಿದ್ದರೆ ಇಂಥ ಶಾಲೆ ಒಂದು ವರ್ಷವೂ ನಡೆಯುತ್ತಿರಲಿಲ್ಲ.

ಕಣ್ಣಿಲ್ಲದವರಿಗೆ ಸ್ವರಲಿಪಿಯ ಅಚ್ಚಿನ ಪುಸ್ತಕ ಉಪಯೋಗಕ್ಕೆ ಬಾರದು. ಘರಾಣೆಯ ಪಾಠವೂ ಪುಸ್ತಕ ನೋಡಿ ಆಗುವಂಥದ್ದಲ್ಲ. ಗುರು ಹಾಡಿದ್ದನ್ನು ಕೇಳಿ ತಿರುಗಿ ಹಾಡುವುದು, ತಪ್ಪಿದರೆ ಮತ್ತೆ ಹಾಡುವುದು. ಹೀಗಾಗಿ ಕಣ್ಣಿದ್ದವನೂ ಇಲ್ಲದವನೂ ಒಂದೇ ಸಾಲಿನಲ್ಲಿ ಕೂತು ಕಲಿಯಲು ತೊಡಕಾಗಲಿಲ್ಲ. ಗಾಯಕ ಬಸವರಾಜ ರಾಜಗುರು ಬೆಳೆದದ್ದು ಇಲ್ಲಿಯೇ. 1944ರಲ್ಲಿ ಗವಾಯಿಗಳು ತೀರಿಕೊಂಡ ಮೇಲೆ ಅಂಧ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಆಶ್ರಮ ನಡೆಸಿದರು. ಗಾಯಕ ಎಂ. ವೆಂಕಟೇಶಕುಮಾರ್ ಪುಟ್ಟರಾಜರ ಶಿಷ್ಯರು.

ಲಿಂಗಾಯತ ಮನೆತನದ ಮಲ್ಲಿಕಾರ್ಜುನ ಮನಸೂರರ (1910–1992) ದಾರಿ ಬೇರೆ. ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಹುಡುಗನನ್ನು ನೀಲಕಂಠ ಬುವಾ ಮಿರಜಕ್ಕೆ ಕರೆದೊಯ್ದರು. ಮುಂದೆ ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜಿ ಖಾನ್, ಅವರು 1937ರಲ್ಲಿ ಅಕಾಲಕ್ಕೆ ತೀರಿಹೋದ ಮೇಲೆ ಅವರ ತಮ್ಮ ಬುರ್ಜಿ ಖಾನ್ ಮನಸೂರರಿಗೆ ಕಲಿಸಿದರು. ಉಸ್ತಾದರು ಒಳ್ಳೆಯ ಚೀಜುಗಳನ್ನು ಸ್ವಂತ ಮಕ್ಕಳಿಗೆ ಮುಚ್ಚಿಡುತ್ತಾರೆಂಬ ಮಾತು ಸುಳ್ಳಲ್ಲ. ಅಂಥದ್ದರಲ್ಲಿ ಈ ಅಣ್ಣತಮ್ಮಂದಿರು ಘರಾಣೆಯ ಅಪರೂಪದ ರಾಗಗಳನ್ನೇ ಹೊರಗಿನವನ ಕೈಗಿತ್ತರು. ಅದೇ ತಾಲೀಮಿನ ಕಂಠದಲ್ಲಿ ಮನಸೂರರು ಶರಣರ ವಚನಗಳನ್ನೂ ಹಾಡಿದರು.

ಮನಸೂರ, ಗಂಗೂಬಾಯಿ ಇಬ್ಬರಿಗೂ ಶಾಲೆಯ ಓದು ಪ್ರಾಥಮಿಕ ಹಂತದಲ್ಲೇ ನಿಂತಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮುಂದೆ ತನ್ನ ಸಂಗೀತ ವಿಭಾಗಕ್ಕೆ ಈ ಇಬ್ಬರನ್ನೂ ಗುರುಗಳಾಗಿ ಕರೆಯಿತು.