ಮೆಟ್ಟಿಲು ಮುಚ್ಚಿದ ಬಾವಿಗಳು

ಎಂಬತ್ತರ ದಶಕದಲ್ಲಿ ರಾಯಚೂರು ಸೀಮೆಯಲ್ಲಿ ಆರೋಗ್ಯ ಸಹಾಯಕನಾಗಿದ್ದಾಗ ನೀರು ಪರೀಕ್ಷಿಸುವ ಯಾವ ಸಾಮಾನೂ ನನ್ನ ಹತ್ತಿರ ಇರಲಿಲ್ಲ. ಮನೆಮನೆಗೆ ಹೋಗಿ ಜನರ ಕಾಲು ನೋಡುತ್ತಿದ್ದೆ. ಬೊಬ್ಬೆ ಒಡೆದು ಬಿಳಿ ನಾರಿನ ತುದಿ ಹೊರಗೆ ಬಂದಿದ್ದರೆ, ಆ ಮನೆಯವರು ಕುಡಿದ ನೀರು ಹೋದ ವರ್ಷವೇ ಕೆಟ್ಟಿತ್ತು ಎಂದು ಲೆಕ್ಕ.

ಆ ನಾರೇ ನಾರುಹುಣ್ಣಿನ ಹುಳು, ಎರಡು ಮೂರು ಅಡಿ ಉದ್ದ. ಉರಿ ತಾಳಲಾರದೆ ರೋಗಿ ಮೆಟ್ಟಿಲ ಬಾವಿಗೆ ಇಳಿದು ನೀರಲ್ಲಿ ಕಾಲಿಟ್ಟರೆ ಸಾಕು, ಹುಳು ಸಾವಿರಾರು ಮರಿಗಳನ್ನು ಅಲ್ಲೇ ಬಿಡುತ್ತದೆ. ಸೈಕ್ಲಾಪ್ಸ್ ಎಂಬ ಸಣ್ಣ ಜಲಜೀವಿ ಅವನ್ನು ನುಂಗುತ್ತದೆ, ಕೊಡ ತುಂಬುವವರು ಅದನ್ನು ಮನೆಗೆ ಒಯ್ಯುತ್ತಾರೆ. ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು. ತುಂಡಾದರೆ ಕಾಲು ಕೀವುಗಟ್ಟುತ್ತದೆ. ಹೊಲದ ಕೆಲಸದ ಹೊತ್ತಿಗೇ ದುಡಿಯುವವನು ವಾರಗಟ್ಟಲೆ ಹಾಸಿಗೆ ಹಿಡಿದರೆ ಆ ವರ್ಷ ಸಾಲವೇ ಗತಿ.

ಈ ರೋಗಕ್ಕೆ ಔಷಧವಿಲ್ಲ, ಲಸಿಕೆಯೂ ಇಲ್ಲ. 1983-84ರಲ್ಲಿ ರಾಷ್ಟ್ರೀಯ ನಿರ್ಮೂಲನಾ ಕಾರ್ಯಕ್ರಮ ಶುರುವಾದಾಗ ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ಕರ್ನಾಟಕವೂ ಆ ಏಳರಲ್ಲಿತ್ತು. ಬಾವಿಗೆ ಸೈಕ್ಲಾಪ್ಸ್ ಕೊಲ್ಲುವ ಟೆಮಿಫಾಸ್ ಹಾಕುವುದು, ನೀರು ಸೋಸಲು ಬಟ್ಟೆ ಕೊಡುವುದು ಸುಲಭ. ಮೆಟ್ಟಿಲು ಮುಚ್ಚಿ, ಕಟ್ಟೆ ಕಟ್ಟಿ, ಗಾಲಿ ಹಾಕಿ ಸೇದುವ ಬಾವಿ ಮಾಡಬೇಕೆಂದಾಗಲೇ ಜಗಳ. “ನಮ್ಮ ಮುತ್ಯಾ ಕಟ್ಟಿಸಿದ ಮೆಟ್ಟಲರೀ ಇವು, ಮುಚ್ಚಾಕ ನೀವ್ಯಾರು?” ಎಂದು ಒಬ್ಬ ಗೌಡರು ನನ್ನನ್ನು ಬಾವಿಕಟ್ಟೆಯಿಂದಲೇ ಹಿಂದಕ್ಕೆ ಕಳಿಸಿದ್ದರು. ಮಳೆಗಾಲ ಕಳೆದ ಮೇಲೆ ಅವರ ಮೊಮ್ಮಗನ ಮೊಣಕಾಲಲ್ಲೇ ನಾರು ಕಾಣಿಸಿತು. ಗೌಡರು ಆಳು ಕಳಿಸಿ ನನ್ನನ್ನು ಕರೆಸಿದರು, ಕಲ್ಲು ತಾವೇ ತರಿಸಿದರು. ದಲಿತರ ಕೇರಿಯ ಬಾವಿಯ ಸರದಿ ಮಾತ್ರ ಎಲ್ಲಕ್ಕಿಂತ ಕೊನೆಗೇ ಬಂತು. ಆ ಕೇರಿಯ ಕಾಲುಗಳಲ್ಲಿ ಹುಣ್ಣು ಕಡಿಮೆಯೇನೂ ಇರಲಿಲ್ಲ.

ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಘೋಷಿಸಿತು.

ಹುಣ್ಣು ಹೋಯಿತು, ಆದರೆ ಬಾವಿ ಬಿಡಿಸಲೆಂದು ಊರೂರಿಗೆ ಹಾಕಿಸಿದ ಬೋರಿಂಗುಗಳು ಎಷ್ಟೋ ಕಡೆ ಫ್ಲೋರೈಡ್ ನೀರು ತಂದವು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬ ನಿಯಮವಿದೆ, ಆದರೆ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳ ಹಲ್ಲು ಕಂದಿದ ಮೇಲೆ ನೋಡಿ ತಿಳಿಯುವುದಾದರೆ ನಾವು ಕಾಲು ನೋಡುವ ಹಳೆಯ ಪದ್ಧತಿಯಲ್ಲೇ ಇದ್ದೇವೆ ಎಂದಾಯಿತು. ಜಲಜೀವನ್ ಮಿಷನ್ನಿನ ಪ್ರಕಾರ ಪ್ರತಿ ಊರಿನಲ್ಲಿ ಐವರು ಹೆಂಗಸರಿಗೆ ಕಿಟ್ಟಿನಲ್ಲಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕು. ನಿಮ್ಮೂರಿನ ಆ ಐವರು ಯಾರು, ಕೊನೆಯ ಪರೀಕ್ಷೆಯ ಫಲಿತಾಂಶ ಎಲ್ಲಿದೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.