ಆಂಕೋಮೌಸ್: ಪೇಟೆಂಟ್ ಪಡೆದ ಇಲಿ

1936ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದ ಜಾನ್ ಬಿಟ್ನರ್, ಸ್ತನ ಕ್ಯಾನ್ಸರ್ ಹೆಚ್ಚಾಗಿ ಬರುವ ತಳಿಯ ಇಲಿಮರಿಗಳಿಗೆ ಬೇರೆ ತಳಿಯ ತಾಯಿಯ ಹಾಲು ಕುಡಿಸಿದರು. ರೋಗ ಇಳಿಯಿತು! ಬರೀ ವಂಶದ ದೋಷವೆಂದುಕೊಂಡದ್ದರಲ್ಲಿ ಹಾಲಿನ ಪಾಲೂ ಇತ್ತು. ಅದರಲ್ಲಿದ್ದುದು ವೈರಸ್ ಎಂದು ಆಮೇಲೆ ತಿಳಿಯಿತು.

1984ರಲ್ಲಿ ಹಾರ್ವರ್ಡ್‌ನ ಫಿಲಿಪ್ ಲೆಡರ್, ತಿಮೋತಿ ಸ್ಟುವರ್ಟ್ ತಂಡ ಅದೇ ವೈರಸ್‌ನ ಡಿಎನ್‌ಎ ತುಣುಕನ್ನು ಸ್ವಿಚ್ಚಿನಂತೆ ‘ಮಿಕ್’ ಎಂಬ ಕ್ಯಾನ್ಸರ್ ಜೀನ್‌ಗೆ ಜೋಡಿಸಿ, ಇಲಿಯ ಫಲಿತ ಅಂಡಕ್ಕೆ ಸೇರಿಸಿತು. ಹೀಗೆ ಹುಟ್ಟಿದ ಹೆಣ್ಣಿಲಿಗಳಲ್ಲಿ ಸ್ತನದ ಗಡ್ಡೆ ಬೆಳೆಯಿತು. ಆದರೆ ಜೀನ್ ಎಲ್ಲ ಜೀವಕೋಶಗಳಲ್ಲಿದ್ದರೂ ಗಡ್ಡೆ ಅಲ್ಲೊಂದು ಇಲ್ಲೊಂದು: ಕ್ಯಾನ್ಸರ್‌ಗೆ ಒಂದೇ ಜೀನ್ ಸಾಲದು.

1988ರಲ್ಲಿ ಅಮೆರಿಕ ‘ಆಂಕೋಮೌಸ್’ ಎಂಬ ಈ ಇಲಿಗೆ ಪೇಟೆಂಟ್ ಕೊಟ್ಟಿತು. 2002ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಇಲಿಗೆ ಪೇಟೆಂಟ್ ಕೊಡಲು ಒಪ್ಪಲಿಲ್ಲ. ಆದರೆ ಇಂಥ ಪ್ರಯೋಗಗಳಿಗೂ ಮಿತಿಯಿದೆ: ಇಲಿ ಮನುಷ್ಯರ ಪಡಿಯಚ್ಚಲ್ಲ. ಬಿಆರ್‌ಸಿಎ1 ಜೀನ್‌ನ ಒಂದು ಪ್ರತಿ ಕೆಟ್ಟರೆ ಮಹಿಳೆಗೆ ಸ್ತನ ಕ್ಯಾನ್ಸರ್‌ನ ಅಪಾಯ ಹೆಚ್ಚು. ಇಲಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.