ಬೀದಿ ಛಾಯಾಗ್ರಹಣ, ಅಮೆರಿಕದ

ಬೀದಿಯ ಬದುಕನ್ನು ದಾಖಲಿಸುತ್ತಲೇ ಅಮೆರಿಕದ ಸಮಾಜವನ್ನು ಪ್ರಶ್ನಿಸಿದ ಛಾಯಾಗ್ರಹಣ ಪರಂಪರೆ. ಡೆನ್ಮಾರ್ಕ್‌ನಿಂದ ವಲಸೆ ಬಂದ ಪತ್ರಕರ್ತ ಜೇಕಬ್ ರೀಸ್‌ನ ‘ಹೌ ದಿ ಅದರ್ ಹಾಫ್ ಲಿವ್ಸ್’ (1890) ಇದರ ಮೊದಲ ಮೈಲಿಗಲ್ಲು ಎನ್ನಲಾಗುತ್ತದೆ. ನ್ಯೂಯಾರ್ಕ್‌ನ ಕೊಳೆಗೇರಿಗಳ ಆ ಚಿತ್ರಗಳೆಲ್ಲ ರೀಸ್‌ನವೇ ಎಂಬ ಮಾತು ಮಾತ್ರ ತಪ್ಪು. ಹೆಸರಾಂತ ‘ಬ್ಯಾಂಡಿಟ್ಸ್ ರೂಸ್ಟ್’ (1888) ಅವನ ಜೊತೆಗಿದ್ದ ಹವ್ಯಾಸಿಗಳಾದ ರಿಚರ್ಡ್ ಹೋ ಲಾರೆನ್ಸ್ ಮತ್ತು ಹೆನ್ರಿ ಪಿಫಾರ್ಡ್ ತೆಗೆದದ್ದೆಂದು ಈಗ ದಾಖಲಾಗಿದೆ.

ಬಾಲಕಾರ್ಮಿಕರ ಚಿತ್ರ ತೆಗೆದ ಲೂಯಿಸ್ ಹೈನ್, 1930ರ ದಶಕದಲ್ಲಿ ಸರ್ಕಾರಕ್ಕಾಗಿ ದುಡಿದ ವಾಕರ್ ಇವಾನ್ಸ್, ಡೊರೊತಿಯಾ ಲ್ಯಾಂಗ್ ಎಲ್ಲ ಗ್ರಂಥಗಳಲ್ಲೂ ಸಿಗುತ್ತಾರೆ. ಅಲ್ಲಿಂದ ನೇರವಾಗಿ ರಾಬರ್ಟ್ ಫ್ರಾಂಕ್‌ಗೆ ಜಿಗಿಯುವ ಚರಿತ್ರೆಗಳು ನ್ಯೂಯಾರ್ಕ್‌ನ ಫೋಟೋ ಲೀಗನ್ನು (1936–51) ಕೈಬಿಡುತ್ತವೆ. ಇದು ದೊಡ್ಡ ಲೋಪ. ಸಿಡ್ ಗ್ರಾಸ್‌ಮನ್, ಸಾಲ್ ಲಿಬ್ಸನ್ ಕಟ್ಟಿದ ಈ ಸಂಘ ಶಾಲೆ, ಡಾರ್ಕ್‌ರೂಮ್, ಗ್ಯಾಲರಿ ನಡೆಸುತ್ತ ಸದಸ್ಯರನ್ನು ಹಾರ್ಲೆಮ್‌ನಂಥ ಬಡಾವಣೆಗಳಿಗೆ ತಂಡವಾಗಿ ಕಳಿಸುತ್ತಿತ್ತು. 1947ರ ಡಿಸೆಂಬರ್‌ನಲ್ಲಿ ಅಟಾರ್ನಿ ಜನರಲ್ ಪ್ರಕಟಿಸಿದ ‘ದೇಶನಿಷ್ಠೆಯಿಲ್ಲದ’ ಸಂಸ್ಥೆಗಳ ಪಟ್ಟಿಗೆ ಅದರ ಹೆಸರೂ ಸೇರಿತು. ಸಂಘದೊಳಗೇ ಇದ್ದ ಎಫ್‌ಬಿಐ ಮಾಹಿತಿದಾರಳೊಬ್ಬಳು 1949ರಲ್ಲಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಮೇಲೆ ಉಳಿದವರೂ ಚದುರತೊಡಗಿದರು. 1950ರ ದಶಕದಲ್ಲಿ ಈ ಕೆಲಸ ಒಂಟಿ ಛಾಯಾಗ್ರಾಹಕರ ಪಾಲಾದದ್ದಕ್ಕೆ ಅಭಿರುಚಿಯಷ್ಟೇ ಭಯವೂ ಕಾರಣ.

ಸ್ವಿಟ್ಜರ್ಲೆಂಡ್ ಮೂಲದ ಫ್ರಾಂಕ್ ಗುಗೆನ್‌ಹೈಮ್ ಫೆಲೋಶಿಪ್ಪಿನಲ್ಲಿ 1955–56ರಲ್ಲಿ ದೇಶ ಸುತ್ತಿ, 27,000ಕ್ಕೂ ಹೆಚ್ಚು ಚಿತ್ರಗಳಿಂದ 83ನ್ನು ‘ದಿ ಅಮೆರಿಕನ್ಸ್’ಗೆ ಆರಿಸಿದ. ನ್ಯೂ ಆರ್ಲಿಯನ್ಸ್‌ನ ಟ್ರಾಮಿನ ಚಿತ್ರದಲ್ಲಿ ಮುಂದಿನ ಕಿಟಕಿಗಳಲ್ಲಿ ಬಿಳಿಯರು, ನಡುವೆ ಇಬ್ಬರು ಮಕ್ಕಳು, ಹಿಂದೆ ಕಪ್ಪು ಜನ. ಅವರಲ್ಲೊಬ್ಬ ಕಿಟಕಿಗೆ ತೋಳೂರಿ ನಮ್ಮತ್ತಲೇ ನೋಡುತ್ತಾನೆ. ಪುಸ್ತಕದ ವರ್ಷ ಕೆಲವೆಡೆ 1958, ಕೆಲವೆಡೆ 1959 ಎಂದಿದೆ. ಇವನ್ನು ಬೇರೆ ಬೇರೆ ಪುಸ್ತಕಗಳೆಂದೇ ಓದಬೇಕು. ಪ್ಯಾರಿಸ್‌ನಲ್ಲಿ ಡೆಲ್ಪೀರ್ 1958ರಲ್ಲಿ ಹೊರತಂದ ಆವೃತ್ತಿಯಲ್ಲಿ ಅಮೆರಿಕದ ಬಗ್ಗೆ ಅನೇಕ ಲೇಖಕರ ಬರಹಗಳು ಚಿತ್ರಗಳ ಎದುರು ಪುಟದಲ್ಲಿವೆ. ಗ್ರೋವ್ ಪ್ರೆಸ್‌ನ 1959ರ ಅಮೆರಿಕನ್ ಆವೃತ್ತಿ ಅವನ್ನು ತೆಗೆದು, ಜ್ಯಾಕ್ ಕೆರೊವಾಕ್‌ನ ಮುನ್ನುಡಿ ಸೇರಿಸಿ, ಎದುರು ಪುಟದಲ್ಲಿ ಚಿತ್ರದ ಪುಟ್ಟ ಶೀರ್ಷಿಕೆಯನ್ನಷ್ಟೇ ಉಳಿಸಿತು. ಟೀಕೆಯ ಭಾರವೆಲ್ಲ ಚಿತ್ರಗಳ ಮೇಲೆಯೇ ಬಿತ್ತು.

ಡಯಾನ್ ಆರ್ಬಸ್, ಲೀ ಫ್ರೀಡ್‌ಲ್ಯಾಂಡರ್, ಗ್ಯಾರಿ ವಿನೋಗ್ರಾಂಡ್‌ರ ಚಿತ್ರಗಳ ‘ನ್ಯೂ ಡಾಕ್ಯುಮೆಂಟ್ಸ್’ (1967) ಪ್ರದರ್ಶನ ಸಮಾಜ ಸುಧಾರಣೆಯ ಗುರಿಯನ್ನೇ ಬದಿಗಿಟ್ಟಿತು. ಮಾರ್ಥಾ ರಾಸ್ಲರ್ 1974–75ರಲ್ಲಿ ನ್ಯೂಯಾರ್ಕ್‌ನ ಬವರಿ ಬೀದಿಯ ಕುಡುಕರನ್ನು ತೋರಿಸದೆ, ಅಂಗಡಿ ಬಾಗಿಲುಗಳ ಪಕ್ಕ ಕುಡಿತದ ಪದಗಳನ್ನಿಟ್ಟು, ಬಡವರ ಮುಖ ಪ್ರದರ್ಶಿಸುವ ಹಕ್ಕು ಯಾರದೆಂದು ಕೇಳಿದಳು. ಟೈಮ್ಸ್ ಸ್ಕ್ವೇರ್‌ನಲ್ಲಿ ಫಿಲಿಪ್-ಲೋರ್ಕಾ ಡಿಕಾರ್ಸಿಯಾ ತೆಗೆದ ತನ್ನ ಚಿತ್ರದ ವಿರುದ್ಧ ದಾರಿಹೋಕನೊಬ್ಬ ಹೂಡಿದ ದಾವೆಯನ್ನು 2006ರಲ್ಲಿ ನ್ಯೂಯಾರ್ಕ್ ನ್ಯಾಯಾಲಯ ಅದು ಕಲೆಯೆಂದು ಹೇಳಿ ವಜಾ ಮಾಡಿತು. 2007ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಕಾಲಮಿತಿ ಮೀರಿದ ಕಾರಣವನ್ನಷ್ಟೇ ಎತ್ತಿಕೊಂಡು ಅದೇ ಫಲಿತಾಂಶವನ್ನು ಉಳಿಸಿತು.